ಮೆಜೆಸ್ಟಿಕ್‌ನಲ್ಲಿ ಇಳಿದು, ಚಂದ್ರಿಯನ್ನು ಹುಡುಕಿಕೊಂಡು

ತೀರ್ಥಹಳ್ಳಿಯಲ್ಲಿ ರಾತ್ರಿ ಬಸ್ಸು ಹತ್ತಿದ ನಮ್ಮ ಕಡೆಯವರಿಗೆ ಬೆಂಗಳೂರು ಅಂದರೆ ಮೊದಲು ಮೆಜೆಸ್ಟಿಕ್ಕು. ವಿಧಾನಸೌಧ, ಲಾಲ್‌ಬಾಗು ಎಲ್ಲ ಆಮೇಲೆ. ಬೆಳಗಿನ ಜಾವ ಬಸ್ಸಿನ ಲೈಟು ಹಾಕಿ ಕಂಡಕ್ಟರು "ಇಳ್ಕೊಳ್ಳಿ, ಇಳ್ಕೊಳ್ಳಿ" ಅಂದಾಗ, ನಿದ್ದೆಗಣ್ಣಿನಲ್ಲಿ ಚೀಲ ತಡಕುತ್ತ ಕಾಲಿಡುವುದು ಅಲ್ಲಿಗೆ. ನಮ್ಮೂರು ಅರಳಸುರಳಿಯ ಮಣ್ಣು ಚಪ್ಪಲಿಯ ಅಡಿಯಲ್ಲಿ ಇನ್ನೂ ಹಸಿಯಾಗಿರುತ್ತದೆ. ಎದುರಿಗೆ ನೂರಾರು ಬಸ್ಸುಗಳು, ಡೀಸೆಲ್ ಹೊಗೆ, ಹೂವಿನ ಬುಟ್ಟಿ, ಆಟೋದವರ ಕೂಗು.

2025ರ ಜನವರಿಯಲ್ಲಿ ನಾನು ಹಾಗೆ ಇಳಿದೆ. ಎಳ್ಳಮಾಸೆ ಜಾತ್ರೆ ಮುಗಿದು ವಾರವಾಗಿತ್ತು. ತೋಟದಲ್ಲಿ ಕೊನೆ ಕೊಯ್ಲು ಮುಕ್ಕಾಲು ಪಾಲು ಆಗಿತ್ತು, ಉಳಿದದ್ದನ್ನು ತಮ್ಮನಿಗೆ ವಹಿಸಿ ಬಂದಿದ್ದೆ. ಮಗಳು ಜಪಾನಿನ ಒಸಾಕಾದಲ್ಲಿ ಕೆಲಸದಲ್ಲಿದ್ದಾಳೆ. ಚೆರ್ರಿ ಹೂವು ಬಿಡುವ ಹೊತ್ತಿಗೆ ಅಮ್ಮ ಬರಲೇಬೇಕು ಅಂತ ಅವಳ ಹಟ. ವೀಸಾದ ಕಾಗದ ಕೊಡುವುದಕ್ಕೆ ಬೆಂಗಳೂರಿಗೆ ಬರಬೇಕಾಯಿತು. ಆ ಕೆಲಸ ಹನ್ನೊಂದು ಗಂಟೆಯೊಳಗೆ ಮುಗಿಯಿತು. ವಾಪಸು ಬಸ್ಸು ರಾತ್ರಿ ಹತ್ತಕ್ಕೆ. ನಡುವಿನ ಹಗಲನ್ನು ಎಲ್ಲಿ ಕಳೆಯಬೇಕೆಂದು ನಾನು ಊರಿನಿಂದ ಹೊರಡುವಾಗಲೇ ನಿಶ್ಚಯಿಸಿದ್ದೆ.

ಅದಕ್ಕೆ ಕಾರಣವೂ ಮಗಳೇ. ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಒಂದು ಸಂಜೆ ಅವಳು ಫೋನಿನಲ್ಲಿ ಕ್ಯೋಟೋ ಊರಿನ ಗಿಯೋನ್ ಕೇರಿಯನ್ನು ನಡೆದುಕೊಂಡೇ ತೋರಿಸಿದ್ದಳು. ಮರದ ಸಣ್ಣ ಸಣ್ಣ ಮನೆಗಳು, ಬಾಗಿಲಿಗೆ ಬಟ್ಟೆಯ ಪರದೆ, ಕೆಂಪು ಕಾಗದದ ದೀಪ. ಅದು ಮುನ್ನೂರು ವರ್ಷಕ್ಕೂ ಹಿಂದಿನಿಂದ ಹಾಡು, ಕುಣಿತ, ನಾಟಕದ ಕೇರಿ. ಹಾಡಿ ಕುಣಿಯುವ ಹೆಂಗಸರಿಗೆ ಅಲ್ಲಿ ಗೇಕೊ ಎನ್ನುತ್ತಾರೆ, ಕಲಿಯುವ ಹುಡುಗಿಯರಿಗೆ ಮೈಕೊ. ಬೀದಿಯ ತುದಿಯಲ್ಲಿ ಕೆಂಪು ಬಣ್ಣದ ದೊಡ್ಡ ಬಾಗಿಲಿನ ದೇವಸ್ಥಾನ, ಯಾಸಕ. ಅದರ ಬೆನ್ನಿಗೇ ಮರುಯಾಮ ಎಂಬ ಪಾರ್ಕು. ಪಾರ್ಕಿನ ನಡುವೆ ಕೊಂಬೆಗಳನ್ನೆಲ್ಲ ನೆಲದತ್ತ ಇಳಿಬಿಟ್ಟ ಒಂದು ಚೆರ್ರಿ ಮರ. ಹಳೆಯ ಮರ 1947ರಲ್ಲಿ ಸತ್ತಿತಂತೆ; ಅದರದೇ ಸಂತಾನದ ಗಿಡವನ್ನು 1949ರಲ್ಲಿ ಅದೇ ಜಾಗದಲ್ಲಿ ನೆಟ್ಟರಂತೆ. "ಅಮ್ಮಾ, ಇಲ್ಲಿಯ ದೇವರಿಗೂ ನಮ್ಮ ದೇಶಕ್ಕೂ ಸಂಬಂಧ ಇದೆ ಗೊತ್ತಾ?" ಅಂದಳು. ಗಿಯೋನ್ ಎಂಬ ಹೆಸರು ಬಂದದ್ದು ಬುದ್ಧ ಮಳೆಗಾಲ ಕಳೆದ ಶ್ರಾವಸ್ತಿಯ ಜೇತವನದಿಂದ. ಜೇತವನವೆಂಬ ಮಾತು ಚೀನಾ ದಾಟಿ ಜಪಾನಿಗೆ ಹೋಗಿ ಗಿಯೋನ್ ಆಯಿತು. ಅಲ್ಲಿ ಮೊದಲು ಪೂಜೆಗೊಳ್ಳುತ್ತಿದ್ದವನು ಜೇತವನವನ್ನು ಕಾಯುವ ದೇವರೆಂದು ನಂಬಿದ ಗೋಜು ತೆನ್ನೋ. ಸಾಂಕ್ರಾಮಿಕ ಬೇನೆಯ ಒಡೆಯ, ಬೇನೆ ಕೊಡುವವನೂ ತಡೆಯುವವನೂ ಅವನೇ. ಕ್ರಿ.ಶ. 869ರಲ್ಲಿ ಊರಿಗೆ ಬೇನೆ ಬಡಿದಾಗ ಅವನನ್ನು ಒಲಿಸಲೆಂದು ಮೆರವಣಿಗೆ ಮಾಡಿದರು. ಈಗ ಪ್ರತಿ ಜುಲೈನಲ್ಲಿ ನಡೆಯುವ ಗಿಯೋನ್ ಹಬ್ಬದ ಮೂಲ ಅದು.

ಅವಳು ಫೋನ್ ಇಟ್ಟ ಮೇಲೆ ನಾನು ಜಗಲಿಯಲ್ಲಿ ಬಹಳ ಹೊತ್ತು ಕೂತಿದ್ದೆ. ಬೇನೆಯ ದೇವರ ಬಾಗಿಲಲ್ಲಿ ಹುಟ್ಟಿದ ಆಟದ ಕೇರಿ! ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ. ಅಲ್ಲೇ ನಾಟಕದ ಟೆಂಟು, ಅಲ್ಲೇ ತೊಟ್ಟಿಲು, ಅಲ್ಲೇ ಬಳೆ ಅಂಗಡಿ. ಮಾರಿಯ ಎದುರಿಗೇ ನಾವು ನಕ್ಕು ಬೆಳೆದವರು. ಆಗ ನೆನಪಾದಳು ಬೆಂಗಳೂರಿನ ಅಣ್ಣಮ್ಮ.

ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಕೆರೆಯ ಅಂಗಳದಲ್ಲಿ. ಕೆರೆಯ ಹೆಸರು ಧರ್ಮಾಂಬುಧಿ. ಪೇಟೆಯ ಜನ ಅದರ ನೀರು ಕುಡಿದು ಬದುಕಿದವರು. 1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು, ಬತ್ತಿ ಮೈದಾನವಾಯಿತು, ಕೊನೆಗೆ ಬಸ್ಸುಗಳ ಮನೆಯಾಯಿತು. ಆ ಕೆರೆಯ ದಡದವಳು ಅಣ್ಣಮ್ಮ, ಊರಿಗೆ ಬೇನೆ ಬಾರದಂತೆ ಕಾಯುವ ತಾಯಿ. 1898ರಲ್ಲಿ ಪ್ಲೇಗು ಬಂದು ಬೆಂಗಳೂರು ಪೇಟೆ ಬರಿದಾದಾಗ ಜನ ಮೊರೆಹೋಗುವುದಕ್ಕೆ ಇದ್ದವರು ಇಂಥ ತಾಯಂದಿರೇ. ಈಗ ನೀರಿಲ್ಲ, ದಡವೂ ಇಲ್ಲ. ಅವಳು ಮಾತ್ರ ಇದ್ದಾಳೆ, ಮೂರು ಕಡೆಯಿಂದ ವಾಹನದ ಸದ್ದಿನ ನಡುವೆ, ನಿಂಬೆಹಣ್ಣಿನ ಹಾರ ಹಾಕಿಕೊಂಡು. ನಾನು ಕೈಮುಗಿದು, ಅಲ್ಲಿಂದಲೇ ಕೆಂಪೇಗೌಡ ರಸ್ತೆಗೆ ಹೆಜ್ಜೆ ಹಾಕಿದೆ. ಅಣ್ಣಮ್ಮನ ಅಂಗಳದಿಂದಲೇ ನಮ್ಮ ಕನ್ನಡದ ಆಟದ ಕೇರಿ ಶುರುವಾಗುತ್ತದೆ ಎನ್ನುವುದನ್ನು ನಾನು ಅಷ್ಟು ವರ್ಷ ಓಡಾಡಿದರೂ ಗಮನಿಸಿರಲಿಲ್ಲ.

ಕೇರಿಗೆ ಹೆಸರು ಕೊಟ್ಟ ಮೆಜೆಸ್ಟಿಕ್ ಥಿಯೇಟರು ಇಲ್ಲವಾಗಿ ವರ್ಷಗಳೇ ಆದವು. ಮನೆ ಬಿದ್ದರೂ ಮನೆತನದ ಹೆಸರು ಉಳಿದ ಹಾಗೆ ಹೆಸರೊಂದು ನಿಂತಿದೆ. ಒಂದು ಕಾಲಕ್ಕೆ ಈ ರಸ್ತೆ, ಅದರ ಹಿಂದಿನ ಗಾಂಧಿನಗರ, ಪಕ್ಕದ ಸುಬೇದಾರ್ ಛತ್ರಂ ರಸ್ತೆ ಸೇರಿದರೆ ಎಷ್ಟು ಥಿಯೇಟರು! ಸಾಗರ್, ಸ್ಟೇಟ್ಸ್, ಅಲಂಕಾರ್, ಗೀತಾ, ಹಿಮಾಲಯ, ತ್ರಿಭುವನ್, ಕೈಲಾಶ್, ಕಪಾಲಿ, ಮೇನಕಾ, ಅಭಿನಯ್, ಸಂತೋಷ್, ನರ್ತಕಿ, ಸಪ್ನಾ, ತ್ರಿವೇಣಿ, ಅನುಪಮಾ. ನಮ್ಮ ಅಪ್ಪಯ್ಯ ಈ ಹೆಸರುಗಳನ್ನು ನದಿಗಳ ಹೆಸರು ಹೇಳುವ ಹಾಗೆ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು.

ಅಪ್ಪಯ್ಯ ಬೆಂಗಳೂರು ನೋಡಿದ್ದು ಬದುಕಿನಲ್ಲಿ ಮೂರೇ ಸಲ. ಮೊದಲ ಸಲ 1973ರಲ್ಲಿ, ಚಿಕ್ಕಪ್ಪನನ್ನು ವಿಕ್ಟೋರಿಯಾ ಆಸ್ಪತ್ರೆಗೆ ಸೇರಿಸಿದಾಗ. ಆಸ್ಪತ್ರೆಯಲ್ಲಿ ರಾತ್ರಿ ಒಬ್ಬರೇ ಇರಬೇಕು, ಇನ್ನೊಬ್ಬರು ಹೊರಗೆ. ಹೊರಗಿದ್ದ ರಾತ್ರಿ ಅಪ್ಪಯ್ಯ ನಡೆದುಕೊಂಡು ಬಂದು ಸ್ಟೇಟ್ಸ್‌ನಲ್ಲಿ 'ಬಂಗಾರದ ಮನುಷ್ಯ' ನೋಡಿದರು. 1972ರ ಮಾರ್ಚ್ ಕೊನೆಗೆ ತೆರೆಕಂಡ ಆ ಸಿನಿಮಾ ಸ್ಟೇಟ್ಸ್ ಒಂದರಲ್ಲೇ ಎರಡು ವರ್ಷ ಓಡಿತು. ತಮ್ಮ ಆಸ್ಪತ್ರೆಯಲ್ಲಿ ಮಲಗಿರುವಾಗ ಸಿನಿಮಾ ನೋಡಿದೆನಲ್ಲ ಎಂಬ ಅಳುಕು ಅವರಿಗೆ ಕೊನೆಯವರೆಗೂ ಇತ್ತು. ಆದರೆ ಊರಿಗೆ ಬಂದ ಮೇಲೆ ಅವರು ಕಥೆ ಹೇಳಿದ್ದು ಇದನ್ನೇ. ಅಡಿಕೆ ಸುಲಿಯುವ ಚಪ್ಪರದಲ್ಲಿ ಲಾಟೀನಿನ ಬೆಳಕಿಗೆ, ಏಳೆಂಟು ರಾತ್ರಿ, ಒಂದೊಂದು ರಾತ್ರಿಗೆ ಒಂದೊಂದು ಭಾಗ. ರಾಜಕುಮಾರ್ ಬರಡು ನೆಲ ಅಗೆಯುವಾಗ ಅಪ್ಪಯ್ಯ ಎದ್ದು ನಿಂತು ಅಗೆದು ತೋರಿಸುತ್ತಿದ್ದರು. ಕೊನೆಯಲ್ಲಿ ನಾಯಕ ರಾಜೀವ ಯಾರಿಗೂ ಹೇಳದೆ ಮನೆ ಬಿಟ್ಟು ನಡೆಯುವ ಭಾಗ ಹೇಳಿದ ರಾತ್ರಿ ಸುಲಿಯುವ ಹೆಂಗಸರ ಮೆಟ್ಟುಗತ್ತಿ ನಿಂತುಹೋಗಿತ್ತು. ನಾನು ಆ ಸಿನಿಮಾವನ್ನು ಎಷ್ಟೋ ವರ್ಷ ಕಳೆದು ಟೀವಿಯಲ್ಲಿ ನೋಡಿದೆ. ಅಪ್ಪಯ್ಯ ಹೇಳಿದ್ದರಲ್ಲಿ ಅರ್ಧ ಅದರಲ್ಲಿ ಇರಲೇ ಇಲ್ಲ.

ಸ್ಟೇಟ್ಸ್ ಆಮೇಲೆ ಭೂಮಿಕಾ ಆಯಿತು. ಅದರ ಎದುರು ಬದಿಯಲ್ಲಿ ನಿಂತು ನೋಡಿದೆ. ಹಸಿದ ಹೊಟ್ಟೆಯಲ್ಲಿ, ಕಂಕುಳಲ್ಲಿ ಚೀಲ ಇಟ್ಟುಕೊಂಡು, ಮೊದಲ ಸಲ ಗಾಂಧಿ ಕ್ಲಾಸಿನ ಟಿಕೇಟಿಗೆ ಸಾಲು ನಿಂತ ಮೂವತ್ತೈದರ ಅಪ್ಪಯ್ಯ ಎಲ್ಲಿ ನಿಂತಿರಬಹುದು? ಕಪಾಲಿಯ ಜಾಗಕ್ಕೂ ಹೋದೆ. 1968ರಲ್ಲಿ ತೆರೆದ ಥಿಯೇಟರು, ಸುಮಾರು 1,500 ಜನ ಒಟ್ಟಿಗೆ ಕೂರುತ್ತಿದ್ದ ಮಹಾಮನೆ; ಬಿಲ್ಲಿನ ಹಾಗೆ ಬಾಗಿದ ಸಿನೆರಮಾ ಪರದೆಗೆ ಹೆಸರುವಾಸಿ. 2017ರಲ್ಲಿ ಬಾಗಿಲು ಹಾಕಿತು, ಆಮೇಲೆ ಕೆಡವಿದರು. ಸಾಗರ್ ಕೂಡ ಹೋಯಿತು.

ಕ್ಯೋಟೋದಲ್ಲಿ ಹೀಗಾಗಲಿಲ್ಲ. 1869ರಲ್ಲಿ ರಾಜಧಾನಿ ಟೋಕಿಯೋಗೆ ಹೋಗಿ ಊರು ಮಂಕಾದಾಗ, ಮತ್ತೆ ಜೀವ ತುಂಬಲು 1872ರಲ್ಲಿ ಗಿಯೋನಿನ ಗೇಕೊಗಳಿಂದಲೇ ವಸಂತದ ಕುಣಿತದ ಉತ್ಸವ ಆರಂಭಿಸಿದರು, ಮಿಯಾಕೊ ಓದೊರಿ ಅಂತ. ಈಗಲೂ ಏಪ್ರಿಲ್‌ನಲ್ಲಿ ನಡೆಯುತ್ತದೆ. ಗಿಯೋನಿನ ಶಿನ್‌ಬಾಶಿ ಎಂಬ ಭಾಗವನ್ನು 1976ರಲ್ಲಿ ಕಾನೂನಿನಿಂದಲೇ ಕಾಪಾಡಬೇಕಾದ ಕೇರಿ ಎಂದು ಸಾರಿದರು. ಒಂದು ಕಿಟಕಿಯ ಸಳಿ ಬದಲಿಸಬೇಕಾದರೂ ಕೇಳಿ ಮಾಡಬೇಕು. ನಮ್ಮ ಥಿಯೇಟರುಗಳನ್ನು ಹಾಗೇ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಿತ್ತು ಎಂದು ನಾನು ಹೇಳುವುದಿಲ್ಲ. ತೋಟ ಮಾಡುವವರಿಗೆ ಹಳೆಯ ಮರ ತೆಗೆದು ಸಸಿ ಇಡುವುದು ಗೊತ್ತು. ಆದರೆ ಮರುಯಾಮದಲ್ಲಿ ಸತ್ತ ಮರದ ಜಾಗದಲ್ಲಿ ಅದೇ ಮರದ ಸಸಿ ಇಟ್ಟರಲ್ಲ, ಅದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಗುರುತಿಲ್ಲದ 1,500 ಜನ ಕತ್ತಲಲ್ಲಿ ಒಟ್ಟಿಗೆ ಅಳುವ ಜಾಗದಲ್ಲಿ ನಾವು ಏನನ್ನು ನೆಟ್ಟೆವು?

ರಸ್ತೆಯುದ್ದಕ್ಕೂ ನಡೆಯುವಾಗ ಗುಬ್ಬಿ ವೀರಣ್ಣನವರನ್ನು ನೆನೆಯದೆ ಇರಲಾಗುವುದಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ಅವರು ನಾಡಿಗೆಲ್ಲ ಹಬ್ಬಿಸಿದರು. 'ಕುರುಕ್ಷೇತ್ರ'ಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದರು. ಸಿನಿಮಾ ತೆಗೆದರು, ಥಿಯೇಟರು ಕಟ್ಟಿದರು. ಮುತ್ತುರಾಜ ಎಂಬ ಹುಡುಗ ಅವರ ಕಂಪನಿಯಲ್ಲಿ ಪಳಗಿ, 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರ್ ಆಗಿ ಎದ್ದು ನಿಂತರು. ಆದರೆ ನನ್ನಂಥವಳಿಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ: ಹೆಂಗಸಿನ ಪಾತ್ರವನ್ನು ಹೆಂಗಸೇ ಮಾಡುವ ದಾರಿಯನ್ನು ಕನ್ನಡ ವೃತ್ತಿರಂಗಭೂಮಿಯಲ್ಲಿ ಹಸನು ಮಾಡಿದವರಲ್ಲಿ ಅವರು ಮುಖ್ಯರು. ಬಿ. ಜಯಮ್ಮನವರಂಥ ನಟಿ ಬೆಳಗಿದ್ದು ಆ ದಾರಿಯಲ್ಲಿ.

ಜಪಾನಿನಲ್ಲಿ ಇದು ತಿರುಗುಮುರುಗಾಯಿತು. ಕಬುಕಿ ಆಟ ಶುರುಮಾಡಿದ್ದೇ ಹೆಂಗಸು. 1603ರಲ್ಲಿ ಒಕುನಿ ಎಂಬವಳು ಕ್ಯೋಟೋದ ಕಮೋ ನದಿಯ ಒಣ ಮರಳಿನ ಮೇಲೆ ಕುಣಿದಳು; ಗಿಯೋನಿನ ಹೊಳೆಬದಿಯಲ್ಲೇ. ಜನ ಮುಗಿಬಿದ್ದರು. 1629ರಲ್ಲಿ ಆಳುವವರು ಹೆಂಗಸರು ರಂಗ ಹತ್ತಬಾರದೆಂದು ಕಟ್ಟುಮಾಡಿದರು. ಅವತ್ತಿನಿಂದ ಒಕುನಿಯ ಆಟವನ್ನು ಗಂಡಸರು ಆಡುತ್ತಿದ್ದಾರೆ, ಅವಳು ಕುಣಿದ ಕಡೆಯೇ ಮಿನಾಮಿಜಾ ಥಿಯೇಟರಿನಲ್ಲಿ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನನಗೆ ಗಂಡಸು ಹೆಣ್ಣಾಗುವ ಚೆಲುವಿನ ಬಗ್ಗೆ ದೂರಿಲ್ಲ. ನಮ್ಮ ಶಾಲೆಯ ಬಯಲಿನಲ್ಲಿ ಮೇಳ ಬಂದಾಗ ದಮಯಂತಿಯ ವೇಷದ ಅಳುವಿಗೆ ನಾನೂ ಅತ್ತಿದ್ದೇನೆ. ಆದರೆ ಆಡಿ ಜನರನ್ನು ನಗಿಸಿದ, ಅಳಿಸಿದ ಹೆಂಗಸನ್ನು ಊರು ಯಾವ ಹೊತ್ತಿಗೆ ಹೊರಗೆ ನೂಕುತ್ತದೆ ಎಂಬುದು ಒಕುನಿಯ ಕಾಲದಿಂದಲೂ ಹೇಳಬರುವುದಿಲ್ಲ.

ಇಲ್ಲಿಗೆ ನಾನು ಹುಡುಕಿಕೊಂಡು ಬಂದವಳ ಮಾತು ಬಂತು.

ನಾನು ಎರಡನೇ ತರಗತಿಯಲ್ಲಿದ್ದಾಗ ನಮ್ಮ ಕಡೆಯೆಲ್ಲ ಒಂದು ಸಿನಿಮಾದ ಗುಸುಗುಸು. ತೀರ್ಥಹಳ್ಳಿಯ ಮೇಳಿಗೆಯವರಾದ ಅನಂತಮೂರ್ತಿಯವರು 1965ರಲ್ಲಿ ಬರೆದ 'ಸಂಸ್ಕಾರ', ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ಸಿನಿಮಾ ಆಗಿತ್ತು. ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಲಂಕೇಶ್. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದಿಂದ ಬಂದ ಟಾಮ್ ಕೋವನ್. ಮದರಾಸಿನ ಸೆನ್ಸಾರಿನವರು ಮೊದಲು ತಡೆದರು. ಬಿಡುಗಡೆಯಾದ ಮೇಲೆ ಕನ್ನಡಕ್ಕೆ ಮೊತ್ತಮೊದಲ ಸ್ವರ್ಣಕಮಲ ತಂದಿತು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ಕೇಳಿದ್ದು ಅಪ್ಪಯ್ಯನ ಒಂದು ಮಾತು: "ಅದು ಹೆಣ್ಣುಮಕ್ಕಳು ನೋಡೋ ಸಿನಿಮಾ ಅಲ್ಲ." ಅವ್ವನಿಗೂ ಹೇಳಿದ್ದು ಅದೇ. ಆ ಸಿನಿಮಾದ ಹೆಣ್ಣಿನ ಹೆಸರು ಚಂದ್ರಿ ಅಂತ ಯಾರೋ ಹೇಳಿದ್ದರು. ನಮ್ಮ ಕೇರಿಯಲ್ಲಿ ಹುಡುಗಿ ಒಬ್ಬಳು ತಲೆಗೆ ಹೆಚ್ಚು ಹೂ ಮುಡಿದರೆ "ಎಂತದೇ, ಚಂದ್ರಿ ಆಗಿದ್ದೀಯ?" ಅನ್ನುವುದು ಸ್ವಲ್ಪ ಕಾಲ ರೂಢಿಯಲ್ಲಿತ್ತು.

ಕಥೆ ಗೊತ್ತಿದ್ದವರಿಗೆ ಗೊತ್ತು. ಅಗ್ರಹಾರದ ಕಟ್ಟು ಮುರಿದ ನಾರಣಪ್ಪ ಪ್ಲೇಗಿನಲ್ಲಿ ಸತ್ತಿದ್ದಾನೆ, ಹೆಣಕ್ಕೆ ಸಂಸ್ಕಾರ ಮಾಡುವವರಿಲ್ಲ. ಅವನ ಜೊತೆ ಬಾಳುತ್ತಿದ್ದ ಚಂದ್ರಿ, ಅವನು ಕುಂದಾಪುರದಿಂದ ಕರೆತಂದವಳು, ಮೈಮೇಲಿನ ಬಂಗಾರವನ್ನೆಲ್ಲ ತೆಗೆದು ಖರ್ಚಿಗೆ ಆಗಲೆಂದು ಮುಂದಿಡುತ್ತಾಳೆ. ಬಂಗಾರ ನೋಡಿದ ಮೇಲೆ ವಾದ ಬೇರೆ ದಾರಿ ಹಿಡಿಯುತ್ತದೆ. ಹೆಣ ಅಲ್ಲೇ ಇರುತ್ತದೆ. ಕೊನೆಗೆ ಒಂದು ರಾತ್ರಿ ಅವಳೇ, ಅಹಮದ್ ಬ್ಯಾರಿಯ ಗಾಡಿಯ ನೆರವಿನಿಂದ, ಸುಟ್ಟು ಬರುತ್ತಾಳೆ.

ಚಂದ್ರಿಯಾಗಿ ನಟಿಸಿದವರು ಸ್ನೇಹಲತಾ ರೆಡ್ಡಿ, ನಿರ್ದೇಶಕರ ಹೆಂಡತಿ. ಅನಂತಮೂರ್ತಿಯವರು ಹುಟ್ಟಿದ 1932ರಲ್ಲೇ ಹುಟ್ಟಿದವರು. ಮದ್ರಾಸ್ ಪ್ಲೇಯರ್ಸ್ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರು. ಲೋಹಿಯಾ ವಿಚಾರದ ಸಮಾಜವಾದಿ. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ 2ರಂದು, ಜಾರ್ಜ್ ಫರ್ನಾಂಡಿಸರ ಬರೋಡಾ ಡೈನಮೈಟ್ ಮೊಕದ್ದಮೆಯ ನೆಪದಲ್ಲಿ ಅವರನ್ನು ಹಿಡಿದರು. ಮೊಕದ್ದಮೆಯ ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಆದರೂ ಬಿಡಲಿಲ್ಲ, ವಿಚಾರಣೆಯಿಲ್ಲದೆ ಕೂಡಿಡುವ ಮೀಸಾ ಕಾಯಿದೆ ಇತ್ತು. ಬೆಂಗಳೂರು ಸೆಂಟ್ರಲ್ ಜೈಲಿನ ಒಂಟಿ ಕೋಣೆಯಲ್ಲಿ ಎಂಟು ತಿಂಗಳು. ಅವರಿಗೆ ಆಸ್ತಮಾ. ಉಬ್ಬಸದ ನಡುವೆಯೇ ಜೈಲಿನ ಬೇರೆ ಹೆಂಗಸರಿಗೆ ಬೀಳುತ್ತಿದ್ದ ಹೊಡೆತದ ವಿರುದ್ಧ, ಕೆಟ್ಟ ಊಟದ ವಿರುದ್ಧ ಜಗಳವಾಡಿದರು, ಅವರಿಗೆ ಹಾಡು, ಆಟ ಕಲಿಸಿದರು, ದಿನಚರಿ ಬರೆದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಗೆ ಬಿಟ್ಟರು. ಐದು ದಿನಕ್ಕೆ, ಜನವರಿ 20ರಂದು, ತೀರಿಕೊಂಡರು.

ಆ ಜೈಲೇ ಇವತ್ತಿನ ಫ್ರೀಡಂ ಪಾರ್ಕ್. ಮೆಜೆಸ್ಟಿಕ್‌ನಿಂದ ನಡೆದೇ ಹೋಗುವಷ್ಟು ದೂರ. ಪರದೆಯ ಕೇರಿಗೂ ಪಹರೆಯ ಗೋಡೆಗೂ ನಡುವೆ ಅಷ್ಟೇ ಅಂತರವೆಂದು ನನಗೆ ಗೊತ್ತಾದದ್ದು ಪಾಠ ಹೇಳುವ ಕೆಲಸದಿಂದ ನಿವೃತ್ತಿಯಾದ ಮೇಲೆ, ಆ ದಿನಚರಿಯ ಬಗ್ಗೆ ಓದಿದಾಗ.

ಮೈಸೂರು ಬ್ಯಾಂಕ್ ಸರ್ಕಲ್‌ವರೆಗೆ ನಡೆದು ಎಡಕ್ಕೆ ಹೊರಳಿದೆ. ಜನವರಿಯ ಬಿಸಿಲು ಹಿತವಾಗಿತ್ತು. ಶೇಷಾದ್ರಿ ರಸ್ತೆಯಲ್ಲಿ ಕಾಲೇಜು ಹುಡುಗಿಯರ ಗುಂಪು, ಅವರ ಆಚೆಗೆ ಕಲ್ಲಿನ ಗೋಡೆ. 1867ರ ಹೊತ್ತಿಗೆ ಕಟ್ಟಿದ ಜೈಲು. 2000ದಲ್ಲಿ ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದರು. 2008ರ ನವೆಂಬರಿನಲ್ಲಿ ಸುಮಾರು 21 ಎಕರೆಯ ಈ ಜಾಗ ಪಾರ್ಕಾಗಿ ತೆರೆಯಿತು. (ಜೈಲು ಹೋದ ಊರಿನ ಹೆಸರಲ್ಲಿ ಅಗ್ರಹಾರ ಇರುವುದು ಆ ಹೊತ್ತಿನಲ್ಲಿ ನನ್ನನ್ನು ತಡೆದು ನಿಲ್ಲಿಸಿತು.) ಒಳಗೆ ನಡುವೆ ಪಹರೆಯ ಗೋಪುರ, ಅದರ ಸುತ್ತ ಚಕ್ರದ ಅರಗಳ ಹಾಗೆ ಹರಡಿದ ಬ್ಯಾರಕ್ಕುಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದಾರೆ. ನಡುವೆ ನಿಂತ ಒಬ್ಬನೇ ಎಲ್ಲ ದಿಕ್ಕಿಗೂ ಕಣ್ಣಿಡಬಹುದಾದ ಕಟ್ಟೋಣ. 1975ರ ಜೂನ್ 26ರಂದು ಸಂಸತ್ತಿನ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇವರನ್ನು ತಂದಿಟ್ಟದ್ದೂ ಇಲ್ಲಿಗೇ. ಅವರ ಹೆಸರನ್ನು ಇಲ್ಲಿ ಯಾರು ಬೇಕಾದರೂ ಹೇಳುತ್ತಾರೆ.

ನಾನು ಸ್ನೇಹಲತಾ ಅವರ ಕೋಣೆ ಯಾವ ಕಡೆ ಇತ್ತೆಂದು ಕೇಳಿದೆ. ಗಿಡಕ್ಕೆ ನೀರು ಬಿಡುತ್ತಿದ್ದ ಹೆಂಗಸು ತಲೆಯಾಡಿಸಿದಳು. ಬೆಂಚಿನ ಮೇಲೆ ಪರೀಕ್ಷೆಗೆ ಓದುತ್ತಿದ್ದ ಹುಡುಗ ಫೋನಿನಲ್ಲಿ ಹುಡುಕಿ, ಅವರ ಫೋಟೋ ತೋರಿಸಿ, "ಇವರಾ ಆಂಟಿ?" ಅಂದ. ದೊಡ್ಡ ಕುಂಕುಮ, ದೊಡ್ಡ ಕಣ್ಣು. "ಇವರೇ ಕಣಪ್ಪ" ಅಂದೆ. ಅವನು ಓದುವುದು ಬಿಟ್ಟು ನನ್ನ ಜೊತೆ ಎರಡು ಬ್ಯಾರಕ್ಕು ಸುತ್ತಿದ. ಹೆಂಗಸರ ವಿಭಾಗ ಯಾವುದೆಂದು ಹೇಳುವವರು ನಮಗಿಬ್ಬರಿಗೂ ಸಿಗಲಿಲ್ಲ.

ಆಗ ಗೋಡೆಯ ಆಚೆಯಿಂದ ಘೋಷಣೆ ಕೇಳಿತು. ನೂರಾರು ಹೆಣ್ಣು ದನಿಗಳು. ಪಾರ್ಕಿನ ಒಂದು ಭಾಗ ಧರಣಿಗೆ ಮೀಸಲು. ಈಗ ಬೆಂಗಳೂರಿನಲ್ಲಿ ಧರಣಿ ಮಾಡಬೇಕೆಂದರೆ ಇಲ್ಲೇ ಮಾಡಬೇಕು. ಹೋಗಿ ನೋಡಿದರೆ ನೆಲ ಕಾಣದಷ್ಟು ಗುಲಾಬಿ ಸೀರೆ. ರಾಜ್ಯದ ಎಲ್ಲ ಕಡೆಯಿಂದ ಬಂದ ಆಶಾ ಕಾರ್ಯಕರ್ತೆಯರು. ತಿಂಗಳಿಗೆ 15,000 ರೂಪಾಯಿ ಗೌರವಧನ ಕೊಡಿ ಎಂಬುದು ಅವರ ಬೇಡಿಕೆ. ರಾತ್ರಿಯನ್ನೂ ಅಲ್ಲೇ, ಚಳಿಯಲ್ಲಿ, ಚಾಪೆಯ ಮೇಲೆ ಕಳೆದಿದ್ದರು. ಬದಿಯಲ್ಲಿ ಅವಲಕ್ಕಿ ತಿನ್ನುತ್ತಿದ್ದ ಒಬ್ಬಾಕೆಯ ಮಾತಿನ ಧಾಟಿ ಕೇಳಿ ನನಗೆ ಕೂರದೆ ಇರಲಾಗಲಿಲ್ಲ.

"ಎಲ್ಲಾಯ್ತೇ ನಿಂಗೆ?"

"ಹೊಸನಗರದ ಕಡೆ ಅಕ್ಕಾ. ನಿಮಗೆ?"

"ಅರಳಸುರಳಿ."

"ಅಯ್ಯೋ, ನಮ್ಮೋರೇ! ಬನ್ನಿ ಬನ್ನಿ, ಚಾಪೆ ಮೇಲೆ ಕೂತ್ಕಳಿ." ಅವಲಕ್ಕಿಯನ್ನು ನನ್ನ ಕೈಗೂ ಹಾಕಿದಳು. "ಮಂಗನ ಕಾಯಿಲೆ ಶುರುವಾಗೋ ಕಾಲ ಅಕ್ಕಾ. ಸೊಪ್ಪು, ದರಗಿಗೆ ಕಾಡಿಗೆ ಹೋಗೋರಿಗೆ ಎಣ್ಣೆ ಹಂಚ್ಬೇಕಿತ್ತು, ಉಣ್ಣೆ ಕಚ್ಚದಿರಲಿ ಅಂತ. ಇಲ್ಲಿ ಬಂದು ಕೂತಿದೀವಿ. ಮನಸ್ಸೆಲ್ಲ ಊರಲ್ಲೇ ಉಂಟು."

ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. ಅಂದಿನಿಂದ ಬೇಸಗೆ ಹತ್ತಿರ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡಂಚಿನವರಿಗೆ ಎದೆಯಲ್ಲಿ ಅದರದೇ ಅಳುಕು. ಮಂಗ ಸತ್ತುಬಿದ್ದದ್ದು ಕಂಡರೆ ಸಾಕು. ಕೊರೋನಾ ಬಂದಾಗಲೂ ನಮ್ಮ ಅಂಗಳಕ್ಕೆ ಮೊದಲು ಬಂದದ್ದು ಇಂಥ ಗುಲಾಬಿ ಸೀರೆಯೇ. ಬಾಗಿಲಾಚೆ ನಿಂತು ಹಣೆಗೆ ಜ್ವರದ ಯಂತ್ರ ಹಿಡಿದವಳಿಗೆ ಒಂದು ಲೋಟ ನೀರು ಕೊಡಲೂ ಜನ ಹೆದರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ರಾತ್ರಿ ನಿದ್ದೆ ಬಂತಾ?" ಅಂದೆ.

"ಎಲ್ಲಿ ನಿದ್ದೆ! ಹಾಡು ಹೇಳಿದ್ವಿ. ಸೋಬಾನೆ ಪದ, ಭಜನೆ, ಸಿನಿಮಾ ಹಾಡು, ಬಾಯಿಗೆ ಬಂದದ್ದೆಲ್ಲ. ಬಳ್ಳಾರಿಯೋರು ಒಂದ್ ನಾಟಕಾನೂ ಆಡಿದ್ರು ಅಕ್ಕಾ. ನಕ್ಕೂ ನಕ್ಕೂ ಚಳಿ ಹೋಯ್ತು."

ಈ ಗೋಡೆಯೊಳಗೆ ಹಿಂದೆ ಒಬ್ಬ ನಟಿಯನ್ನು ಕೂಡಿಹಾಕಿದ್ದರು, ಅವಳೂ ಉಬ್ಬಸ ಪಡುತ್ತ ಇಲ್ಲಿಯ ಹೆಂಗಸರಿಗೆ ಹಾಡು ಕಲಿಸಿದ್ದಳು ಎಂದು ಅವಳಿಗೆ ಹೇಳಿದೆ. ಅವಳು ಅವಲಕ್ಕಿ ಬಾಯಿಗಿಡುವುದನ್ನು ನಿಲ್ಲಿಸಿ ಗೋಪುರದ ಕಡೆ ನೋಡಿದಳು. "ಯಾವ ಸಿನಿಮಾದೋಳು?" 'ಸಂಸ್ಕಾರ' ಅಂದೆ. ಅವಳು ನೋಡಿರಲಿಲ್ಲ. ಪಕ್ಕದವಳನ್ನು ಕರೆದು ನನ್ನಿಂದ ಇನ್ನೊಂದು ಸಲ ಹೇಳಿಸಿದಳು. ಆಮೇಲೆ ಇನ್ನಿಬ್ಬರು ಬಂದರು. ಹೀಗೆ ನಾನು ಮೂವತ್ತು ವರ್ಷ ಪಾಠ ಹೇಳಿದವಳು, ಅವತ್ತು ಸೆಂಟ್ರಲ್ ಜೈಲಿನ ನೆಲದ ಮೇಲೆ ಕೂತು, ಹನ್ನೆರಡು ಹದಿಮೂರು ಹೆಂಗಸರಿಗೆ ಚಂದ್ರಿಯ ಕಥೆ ಹೇಳಿದೆ, ಅಪ್ಪಯ್ಯ 'ಬಂಗಾರದ ಮನುಷ್ಯ' ಹೇಳಿದ ಹಾಗೆ, ಕೈ ಬಾಯಿ ತಿರುಗಿಸಿ. ಬಂಗಾರ ತೆಗೆದು ಮುಂದಿಟ್ಟಳು ಅಂದಾಗ ಒಬ್ಬಳು ತನ್ನ ಕೊರಳು ಮುಟ್ಟಿಕೊಂಡಳು.

ಸಂಜೆ ಮಗಳು ಫೋನ್ ಮಾಡಿದಳು. ವೀಸಾದ ಕಾಗದ ಸರಿಯಿತ್ತಾ, ಊಟ ಆಯಿತಾ, ಎಲ್ಲಿ ಕೂತಿದ್ದೀ? ಪಾರ್ಕಿನಲ್ಲಿ ಅಂದೆ. "ಒಬ್ಬಳೇನಾ?" ನಾನು ಫೋನನ್ನು ತಿರುಗಿಸಿ ಗುಲಾಬಿ ಸೀರೆಗಳನ್ನು ತೋರಿಸಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು, "ಅಮ್ಮಾ, ದೂರದಿಂದ ಚೆರ್ರಿ ಹೂವಿನ ಹಾಗೆ ಕಾಣ್ತಾ ಇದೆ" ಅಂದಳು.

ಊರಿಗೆ ಬಂದ ಮರುದಿನ ರಾತ್ರಿ ಅವ್ವನ ಹಾಸಿಗೆಯ ಪಕ್ಕ ಕೂತು ಫೋನಿನಲ್ಲಿ 'ಸಂಸ್ಕಾರ' ಹಾಕಿದೆ. ಅವ್ವನಿಗೆ ಎಂಬತ್ತಾರು. ಕಿವಿ ಸ್ವಲ್ಪ ಮಂದ, ಕಣ್ಣು ಚುರುಕು. "ಇದು ನೋಡಬಾರದ ಸಿನಿಮಾ ಅಲ್ಲನೇ? ನಿನ್ನ ಅಪ್ಪಯ್ಯ ಬೈತಿದ್ರು" ಅಂದಳು. ಅಂದವಳೇ ದಿಂಬು ಎತ್ತರ ಮಾಡಿಸಿಕೊಂಡಳು. ಕಪ್ಪುಬಿಳುಪಿನ ಅಗ್ರಹಾರ, ಹಂಚಿನ ಮಾಡು, ಅಂಗಳದ ತುಳಸಿ, ಹದ್ದುಗಳ ಸುತ್ತಾಟ. "ನಮ್ಮ ಕಡೆದೇ ಮನೆ" ಎಂದು ಎರಡು ಸಲ ಹೇಳಿದಳು. ಚಂದ್ರಿ ಬಂಗಾರ ಬಿಚ್ಚಿಟ್ಟಾಗ ಅವ್ವನ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು.

"ಎಲ್ಲಾ ಕೊಟ್ಟುಬಿಟ್ಟಳಲ್ಲೇ!"

ಮುಗಿಯುವವರೆಗೂ ಆ ಕೈ ಬಿಡಲಿಲ್ಲ. ಪರದೆ ಕಪ್ಪಾದ ಮೇಲೆ ಬಹಳ ಹೊತ್ತು ತಾರಸಿಯನ್ನೇ ನೋಡುತ್ತಿದ್ದು, ಮೆಲ್ಲಗೆ ಕೇಳಿದಳು: "ಆ ಹುಡುಗಿ ಈಗ ಎಲ್ಲಿದಾಳೆ?"